ಹೆದ್ದಾರಿ ಬರಲಿ, ದನ ದಾಟುವ ದಾರಿಯೂ ಬರಲಿ



ಪಶುವೈದ್ಯರು ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಖನಿಜ ಮಿಶ್ರಣ, ಕರು ಸಾಕಣೆ ಬಗ್ಗೆ ಬರೆಯುತ್ತಾರೆ. ಈ ಸಲ ನಾನು ರಸ್ತೆಯ ಬಗ್ಗೆ ಬರೆಯುತ್ತಿದ್ದೇನೆ. ದನಕ್ಕೂ ಡಾಂಬರಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಹೆದ್ದಾರಿ ಪಕ್ಕದ ಊರಿನ ಅಕ್ಕಂದಿರು ಮಾತ್ರ ಹಾಗೆ ಕೇಳಲಾರರು. ರಸ್ತೆಯ ಒಂದು ಬದಿಗೆ ಮನೆ, ಇನ್ನೊಂದು ಬದಿಗೆ ಹೊಲ. ಒಂದು ಬದಿಗೆ ಕೊಟ್ಟಿಗೆ, ಇನ್ನೊಂದು ಬದಿಗೆ ಕಾಲುವೆ. ಒಂದು ಬದಿಗೆ ಎಮ್ಮೆ, ಇನ್ನೊಂದು ಬದಿಗೆ ಹಾಲಿನ ಸಂಘ. ಹೀಗೆ ಬದುಕುವವರಿಗೆ ರಸ್ತೆ ಎಂದರೆ ದಿನಕ್ಕೆ ನಾಲ್ಕು ಸಲ ದಾಟಬೇಕಾದ ಹೊಳೆ ಇದ್ದಂತೆ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಒಂದೇ ದಾರಿಯ ಮೇಲಿನ ಊರುಗಳು. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ತಿಂಥಣಿ ಬ್ರಿಡ್ಜ್ ಹತ್ತಿರ ಕೃಷ್ಣೆಯನ್ನು ದಾಟಿ ನಮ್ಮ ಜಿಲ್ಲೆಗೆ ಬರುತ್ತದೆ. ಈ ಮೂರೂ ಊರುಗಳನ್ನು ಮುಟ್ಟಿ, ತುಂಗಭದ್ರೆ ದಾಟಿ ಸಿರುಗುಪ್ಪ, ಬಳ್ಳಾರಿ ಕಡೆಗೆ ಹೋಗುತ್ತದೆ. ನಮ್ಮ ಒಕ್ಕೂಟದ ಕೇಂದ್ರ ಕಚೇರಿ ಇರುವ ಬಳ್ಳಾರಿಗೂ ಇದೇ ದಾರಿ. ಲಿಂಗಸುಗೂರಿನಲ್ಲಿ ಇದಕ್ಕೆ ಇನ್ನೊಂದು ಹೆದ್ದಾರಿ ಸೇರುತ್ತದೆ: ಬೆಳಗಾವಿ ಕಡೆಯಿಂದ ಹುನಗುಂದ, ಮುದಗಲ್ ಮೂಲಕ ರಾಯಚೂರಿಗೆ ಹೋಗುವ 748ಎ.

ನಾನು ರಸ್ತೆಯ ವಿರೋಧಿಯಲ್ಲ. ಒಳ್ಳೆಯ ರಸ್ತೆ ಇದ್ದರೆ ಹಾಲಿನ ಟ್ಯಾಂಕರ್ ಹೊತ್ತಿಗೆ ಸರಿಯಾಗಿ ಬರುತ್ತದೆ. ಕರು ಅಡ್ಡ ಸಿಕ್ಕು ಆಕಳು ನರಳುತ್ತಿರುವಾಗ ನಾವು ಬೇಗ ತಲುಪುತ್ತೇವೆ. ಹೆರಿಗೆ ನೋವಿನ ತಾಯಿ ಆಸ್ಪತ್ರೆ ಸೇರುತ್ತಾಳೆ. ಕಲ್ಯಾಣ ಕರ್ನಾಟಕದ ರಸ್ತೆಗಳು ಹಿಂದುಳಿದಿವೆ ಎಂದು ಎಷ್ಟೋ ವರ್ಷ ಗೋಳಾಡಿದವರು ನಾವೇ. ಪಟ್ಟಣಗಳು ಬೆಳೆದಂತೆ ರಸ್ತೆ ಅಗಲವಾಗುವುದು, ಬೈಪಾಸ್ ಬರುವುದು, ಎರಡು ಪಥ ನಾಲ್ಕಾಗುವುದು ತಪ್ಪದು, ತಪ್ಪಲೂಬಾರದು. ನನ್ನ ತಕರಾರು ಒಂದೇ. ರಸ್ತೆಯ ನಕ್ಷೆ ಬರೆಯುವವರು ಉದ್ದಕ್ಕೆ ಹೋಗುವವರನ್ನು ಲೆಕ್ಕ ಹಾಕುತ್ತಾರೆ, ಅಡ್ಡಕ್ಕೆ ದಾಟುವವರನ್ನು ಲೆಕ್ಕ ಹಾಕುವುದಿಲ್ಲ. ಅಡ್ಡಕ್ಕೆ ದಾಟುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅವರ ಹಿಂದೆ ಅವರ ದನಗಳು.

ಮಂಡ್ಯ ಕಡೆ ಆದದ್ದು

ದೊಡ್ಡ ರಸ್ತೆ ಬಂದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯದಲ್ಲೇ ನೋಡಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಕಾರ್ಯಕ್ರಮ ನಡೆದದ್ದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಮಂಡ್ಯ ಹಾಲು ಒಕ್ಕೂಟದ ಡೇರಿ ಇರುವ ಊರೂ ಅದೇ. ಸುಮಾರು 118 ಕಿಲೋಮೀಟರ್ ದೂರ, ನಡುವೆ ಆರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ. ಮೂರು ತಾಸಿನ ಪ್ರಯಾಣ ಒಂದೂಕಾಲು ತಾಸಿಗೆ ಇಳಿಯುತ್ತದೆ ಎಂದರು. ಬೆಂಗಳೂರು, ಮೈಸೂರಿನಿಂದ ಓಡಾಡುವವರಿಗೆ ಅದು ನಿಜಕ್ಕೂ ದೊಡ್ಡ ಅನುಕೂಲ.

ಅದೇ ವರ್ಷ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿಯಂಥ ಮೋಟಾರಿಲ್ಲದ ವಾಹನಗಳಿಗೆ ಪ್ರವೇಶ ನಿಷೇಧವಾಯಿತು. ಅಪಘಾತ ತಡೆಯಲು ಅದು ಬೇಕಾಗಿತ್ತು. ನೂರು ಕಿಲೋಮೀಟರ್ ವೇಗದ ಕಾರು, ಇಪ್ಪತ್ತು ಕಿಲೋಮೀಟರ್ ವೇಗದ ಟ್ರ್ಯಾಕ್ಟರು ಒಂದೇ ಪಥದಲ್ಲಿ ಹೋಗುವುದು ಕ್ಷೇಮವಲ್ಲ. ಆದರೆ ನಿಷೇಧದ ಪಟ್ಟಿಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ಇರುವುದೆಲ್ಲ ಹಳ್ಳಿಯವರ ವಾಹನ. ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಬೈಕು, ಮೇವು ತರುವ ಟ್ರ್ಯಾಕ್ಟರು, ಸಂತೆಗೆ ಹೋಗುವ ಆಟೋ. ಅವರಿಗೆಲ್ಲ ಉಳಿದದ್ದು ಸರ್ವಿಸ್ ರಸ್ತೆ. ಆ ರಸ್ತೆ ಎಲ್ಲಿ ಕಡಿದುಹೋಗಿದೆಯೋ ಅಲ್ಲಿ ಅವರು ಸುತ್ತು ಹಾಕಬೇಕು. ರಸ್ತೆ ತೆರೆದ ಮೇಲೆ ಎಷ್ಟೋ ಹಳ್ಳಿಗಳವರು ಕೆಳಸೇತುವೆ ಕೊಡಿ, ಮೇಲೆ ದಾಟುವ ಸೇತುವೆ ಕೊಡಿ ಎಂದು ಕೇಳಬೇಕಾಯಿತು.

ನಾವು ಕಲಿಯಬೇಕಾದದ್ದು ಇದು. ಕೇಳುವ ಹೊತ್ತು ರಸ್ತೆ ಆದ ಮೇಲಲ್ಲ, ನಕ್ಷೆ ಆಗುವ ಮೊದಲು. ಕಾಂಕ್ರೀಟು ಬಿದ್ದ ಮೇಲೆ ಕೊಡುವುದು ಬಹುಮಟ್ಟಿಗೆ ಮೆಟ್ಟಿಲಿನ ಪಾದಚಾರಿ ಸೇತುವೆ. ಎಮ್ಮೆ ಮೆಟ್ಟಿಲು ಹತ್ತುವುದಿಲ್ಲ. ತಲೆಯ ಮೇಲೆ ಮೇವಿನ ಹೊರೆ ಹೊತ್ತ ತಾಯಿಗೂ ಅದು ಸುಲಭವಲ್ಲ.

ಎಮ್ಮೆಯ ನಡಿಗೆ, ಕಾರಿನ ವೇಗ

ಒಂದು ಸಣ್ಣ ಲೆಕ್ಕ ಹಾಕೋಣ. ನಾಲ್ಕು ಪಥದ ರಸ್ತೆಗೆ ನಡುವಿನ ವಿಭಜಕ, ಅಂಚಿನ ಜಾಗ ಎಲ್ಲ ಸೇರಿ ಸುಮಾರು 25 ಮೀಟರ್ ಅಗಲ ಎಂದುಕೊಳ್ಳಿ. ಎಮ್ಮೆ ತನ್ನ ಪಾಡಿಗೆ ನಡೆದರೆ ಒಂದು ಸೆಕೆಂಡಿಗೆ ಒಂದು ಮೀಟರ್. ಅಂದರೆ ದಾಟಲು 25 ಸೆಕೆಂಡು. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಅನುಮತಿ ಇದೆ. ಆ ವೇಗದಲ್ಲಿ ಕಾರು 25 ಸೆಕೆಂಡಿನಲ್ಲಿ ಸುಮಾರು 700 ಮೀಟರ್ ಬಂದುಬಿಡುತ್ತದೆ. ನೀವು ರಸ್ತೆ ಖಾಲಿ ಇದೆ ಎಂದು ನೋಡಿ ಎಮ್ಮೆ ಹೊಡೆದಾಗ ಆ ಕಾರು ಇನ್ನೂ ತಿರುವಿನ ಆಚೆ ಇರುತ್ತದೆ. ತಪ್ಪು ನಿಮ್ಮದಲ್ಲ, ಎಮ್ಮೆಯದಂತೂ ಅಲ್ಲವೇ ಅಲ್ಲ.

ಕತ್ತಲಾದ ಮೇಲೆ ಇನ್ನೂ ಕಷ್ಟ. ಕಪ್ಪು ರಸ್ತೆಯ ಮೇಲೆ ಕಪ್ಪು ಎಮ್ಮೆ ಚಾಲಕನಿಗೆ ಕಾಣುವುದು ಹತ್ತಿರ ಬಂದ ಮೇಲೆಯೇ. ಮಳೆಗಾಲದಲ್ಲಿ ದನಗಳು ರಸ್ತೆಯಲ್ಲೇ ಮಲಗುವುದನ್ನು ನೋಡಿರುತ್ತೀರಿ. ಅದಕ್ಕೆ ಕಾರಣವಿದೆ. ಸುತ್ತ ಎಲ್ಲ ಕೆಸರು, ಡಾಂಬರು ಒಣಗಿರುತ್ತದೆ, ಬೆಚ್ಚಗಿರುತ್ತದೆ, ಗಾಳಿಗೆ ನೊಣ ಸೊಳ್ಳೆ ಕಡಿಮೆ. ದನದ ಲೆಕ್ಕದಲ್ಲಿ ಅದು ಊರಿನ ಒಳ್ಳೆಯ ಜಾಗ.

ಗುದ್ದಿಸಿಕೊಂಡ ದನವನ್ನು ನೋಡುವುದು ನಮ್ಮ ಕೆಲಸದ ಒಂದು ಭಾಗವೇ ಆಗಿಬಿಟ್ಟಿದೆ. ಸೊಂಟದ ಮೂಳೆ ಮುರಿದ ಎಮ್ಮೆಯನ್ನು ಮತ್ತೆ ಎಬ್ಬಿಸುವುದು ಬಹಳ ಸಲ ನಮ್ಮ ಕೈಯಲ್ಲಿ ಇರುವುದಿಲ್ಲ. ಕಾಲಿನ ಮೂಳೆ ಮುರಿದರೆ ಕರುವಿಗೆ ಪಟ್ಟಿ ಹಾಕಿ ಉಳಿಸಬಹುದು, ನಾಲ್ಕೈದು ಕ್ವಿಂಟಲ್ ತೂಗುವ ಎಮ್ಮೆಗೆ ಕಷ್ಟ. ಗಬ್ಬದ ಎಮ್ಮೆ ಮೇಲ್ನೋಟಕ್ಕೆ ಸರಿ ಇದ್ದರೂ ಕೆಲವು ದಿನಗಳ ಮೇಲೆ ಗರ್ಭ ಇಳಿಸಬಹುದು. ಒಂದು ಕರೆಯುವ ಎಮ್ಮೆ ಹೋಯಿತು ಎಂದರೆ ಆ ಮನೆಯ ಹೆಣ್ಣುಮಗಳ ಹದಿನೈದು ದಿನಕ್ಕೊಮ್ಮೆಯ ಬಟವಾಡೆಯೇ ಹೋಯಿತು. ಆ ಹಣದಲ್ಲಿ ನಡೆಯುತ್ತಿದ್ದ ಮಕ್ಕಳ ಶಾಲೆ, ಸ್ವಸಹಾಯ ಸಂಘದ ಕಂತು ಎರಡೂ ನಿಲ್ಲುತ್ತವೆ.

ಪೆಟ್ಟಾಗದ ದನಕ್ಕೂ ಹೆದ್ದಾರಿ ನಷ್ಟ ಮಾಡುತ್ತದೆ. ಹಾರ್ನ್ ಶಬ್ದಕ್ಕೆ ಬೆದರಿದ ಎಮ್ಮೆಯ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸ ಮಾಡುವುದಿಲ್ಲ. ಕೆಚ್ಚಲಲ್ಲಿ ಹಾಲಿದ್ದರೂ ಎಮ್ಮೆ ಬಿಡುವುದಿಲ್ಲ. ಎಮ್ಮೆಗೆ ಬೇಸಿಗೆಯಲ್ಲಿ ನೀರಲ್ಲಿ ಮುಳುಗುವುದು ಬೇಕೇ ಬೇಕು, ಅದರ ಚರ್ಮಕ್ಕೆ ಬೆವರಿ ತಣಿಯುವ ಶಕ್ತಿ ಕಡಿಮೆ. ಸಿಂಧನೂರು ಕಡೆಯ ಹಳ್ಳಿ, ಕ್ಯಾಂಪುಗಳಲ್ಲಿ ಆ ನೀರು ತುಂಗಭದ್ರಾ ಎಡದಂಡೆ ಕಾಲುವೆಯದು. ಕಾಲುವೆಗೆ ಹೋಗುವ ದಾರಿ ಮುಚ್ಚಿದರೆ ಎಮ್ಮೆ ಕೊಟ್ಟಿಗೆಯಲ್ಲೇ ಏದುಸಿರು ಬಿಡುತ್ತದೆ, ಬೆದೆಗೆ ಬರುವುದೂ ತಡವಾಗುತ್ತದೆ.

ಹಾಲಿನ ಮಾತೂ ಇಷ್ಟೇ. ಕರೆದ ಹಾಲು ಆದಷ್ಟು ಬೇಗ ಬಿಎಂಸಿ ಸೇರಿ 4 ಡಿಗ್ರಿಗೆ ತಣ್ಣಗಾಗಬೇಕು. ನಮ್ಮ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಹಾಲಿನೊಳಗಿನ ಸೂಕ್ಷ್ಮಾಣುಗಳು ಅರ್ಧ ತಾಸಿಗೆ ಒಂದಕ್ಕೆರಡು ಆಗುತ್ತವೆ. ವಿಭಜಕ ಬಂದು ಸಂಘಕ್ಕೆ ಹೋಗಲು ಎರಡು ಕಿಲೋಮೀಟರ್ ಸುತ್ತಬೇಕಾದರೆ ನಡೆದು ಹೋಗುವ ಅಜ್ಜಿಗೆ ಅರ್ಧ ತಾಸು ಹೆಚ್ಚು. ಸಂಜೆ ಹೊತ್ತಿನ ಹಾಲು ಹುಳಿ ಬಂದು ವಾಪಸಾದರೆ ಆ ನಷ್ಟವನ್ನು ಹೆದ್ದಾರಿ ಯೋಜನೆಯ ಯಾವ ಕಾಗದದಲ್ಲೂ ಯಾರೂ ಬರೆಯುವುದಿಲ್ಲ.

ನಮ್ಮ ಕೈಯಲ್ಲಿರುವ ಸಾಕ್ಷಿ

ಹೆದ್ದಾರಿ ವಿನ್ಯಾಸದ ನಿಯಮಗಳಲ್ಲಿ ಜನರಿಗೂ ಜಾನುವಾರುಗಳಿಗೂ ಕೆಳಸೇತುವೆ ಮಾಡುವ ಅವಕಾಶ ಇದೆ. ಅದು ಎಲ್ಲಿ ಬೇಕು ಎಂಬುದನ್ನು ಯಾರಾದರೂ ಹೇಳಬೇಕು. ರಸ್ತೆ ಸರ್ವೆಗೆ ಬಂದವರು ವಾಹನ ಎಣಿಸುತ್ತಾರೆ. ನಸುಕಿನ ಐದು ಗಂಟೆಗೆ ಎಷ್ಟು ಹೆಣ್ಣುಮಕ್ಕಳು ಹಾಲು ಹಿಡಿದು ದಾಟುತ್ತಾರೆ, ಹತ್ತು ಗಂಟೆಗೆ ಎಷ್ಟು ದನ ಮೇಯಲು ಹೋಗುತ್ತವೆ ಎಂದು ಹೇಳಬಲ್ಲವರು ನೀವು ಮಾತ್ರ.

ಅದಕ್ಕೆ ಬೇಕಾದ ಸಾಕ್ಷಿ ನಿಮ್ಮ ಸಂಘದಲ್ಲೇ ಇದೆ. ಸಂಘದ ಹಾಲಿನ ಪುಸ್ತಕದಲ್ಲಿ ಪ್ರತಿ ಸದಸ್ಯೆಯ ಹೆಸರು, ಬೆಳಿಗ್ಗೆ ಸಂಜೆಯ ಲೀಟರು ಬರೆದಿರುತ್ತದೆ. ದನದ ಕಿವಿಯೋಲೆಯಲ್ಲಿ 12 ಅಂಕಿಯ ಸಂಖ್ಯೆ ಇದೆ. ಯಾವ ಸದಸ್ಯೆಯ ಮನೆ ರಸ್ತೆಯ ಯಾವ ಬದಿಗೆ, ಹೊಲ ಯಾವ ಬದಿಗೆ, ಎಷ್ಟು ದನ, ದಿನಕ್ಕೆ ಎಷ್ಟು ಲೀಟರು ಎಂದು ಒಂದು ಹಾಳೆಯಲ್ಲಿ ಬರೆದರೆ ಅದಕ್ಕಿಂತ ಗಟ್ಟಿ ಅರ್ಜಿ ಬೇರೆ ಇಲ್ಲ. "ನಮಗೆ ತೊಂದರೆ ಆಗುತ್ತದೆ" ಎಂಬ ಮಾತನ್ನು ಅಧಿಕಾರಿಗಳು ದಿನವೂ ಕೇಳುತ್ತಾರೆ. ಇಂಥ ಜಾಗದಲ್ಲಿ ಇಷ್ಟು ಸದಸ್ಯೆಯರು, ಇಷ್ಟು ದನ, ಇಷ್ಟು ಲೀಟರು ಹಾಲು ದಿನಕ್ಕೆ ಎರಡು ಸಲ ದಾಟುತ್ತದೆ ಎಂಬ ಲೆಕ್ಕವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಈ ಹಾಳೆಯನ್ನು ಸಂಘದ ಸಭೆಯಲ್ಲಿ ನಿರ್ಣಯ ಮಾಡಿ, ಗ್ರಾಮ ಸಭೆಯಲ್ಲೂ ನಿರ್ಣಯ ಮಾಡಿಸಿ. ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗಳಿಗೆ, ಹೆದ್ದಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ನಿಮ್ಮ ಬಳಿ ಇರಲಿ. ನಿಮ್ಮ ಊರಿನ ಬಳಿ ರಸ್ತೆ ಅಗಲವಾಗುವ ಮಾತು ಇನ್ನೂ ಬಂದಿಲ್ಲವಾದರೂ ಈಗಲೇ ಬರೆದಿಡಿ. ಮಾತು ಬಂದ ಮೇಲೆ ಸಮಯ ಸಿಗುವುದಿಲ್ಲ.

ಸಮಯ ಎಷ್ಟು ಕಡಿಮೆ ಎಂದು ಕಾನೂನೇ ಹೇಳುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ, 1956ರ ಪ್ರಕಾರ ಜಮೀನು ತೆಗೆದುಕೊಳ್ಳುವ ಮೊದಲ ಅಧಿಸೂಚನೆ ಹೊರಟ ದಿನದಿಂದ ಆಕ್ಷೇಪಣೆ ಸಲ್ಲಿಸಲು 21 ದಿನ ಮಾತ್ರ. ಆ ಅಧಿಸೂಚನೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಸಂಘದ ಕಾರ್ಯದರ್ಶಿಯವರು ಪತ್ರಿಕೆಯ ಆ ಪುಟವನ್ನು ನೋಡುವ ರೂಢಿ ಮಾಡಿಕೊಂಡರೆ ಊರಿಗೆಲ್ಲ ಉಪಕಾರ.

ಪರಿಹಾರ ಯಾರ ಕೈಗೆ?

ಇಲ್ಲಿ ಒಂದು ಕಹಿ ಮಾತು ಹೇಳಬೇಕು. ದನದ ಕೆಲಸ ಹೆಣ್ಣುಮಕ್ಕಳದು, ಪಹಣಿಯ ಹೆಸರು ಬಹುತೇಕ ಗಂಡಸರದು. ಜಮೀನಿನ ಪರಿಹಾರ ಪಹಣಿಯ ಹೆಸರು ನೋಡಿ ಬರುತ್ತದೆ. ಹಣ ಬಂದ ಮನೆಯಲ್ಲಿ ಹೊಸ ಬೈಕು ಬರುವುದನ್ನು ನೋಡಿದ್ದೇನೆ, ಹೊಸ ಕೊಟ್ಟಿಗೆ ಏಳುವುದನ್ನು ನೋಡಿದ್ದು ಕಡಿಮೆ. ಮೇವಿನ ತುಂಡು ಹೊಲ ಹೋದ ಮೇಲೆ ಹುಲ್ಲು ಕೊಂಡು ತರುವ ಚಿಂತೆ ಮತ್ತೆ ಹೆಣ್ಣುಮಗಳದೇ. ಸಾಧ್ಯವಾದ ಮನೆಗಳಲ್ಲಿ ಪಹಣಿ ಜಂಟಿ ಹೆಸರಿಗೆ ಆಗಲಿ. ಇದು ಜಗಳದ ಮಾತಲ್ಲ, ಮನೆಯ ದುಡಿಮೆ ಯಾರದು ಎಂದು ಕಾಗದದಲ್ಲಿ ಬರೆಸುವ ಮಾತು.

ಕಾನೂನಿನಲ್ಲಿ ನಮಗೆ ಉಪಯೋಗವಾಗುವ ಕೆಲವು ಅಂಶಗಳಿವೆ. 2013ರ ಭೂಸ್ವಾಧೀನ ಕಾಯ್ದೆಯ ಪುನರ್ವಸತಿ ಪಟ್ಟಿ ರಾಷ್ಟ್ರೀಯ ಹೆದ್ದಾರಿಗೆ ತೆಗೆದುಕೊಳ್ಳುವ ಜಮೀನಿಗೂ ಅನ್ವಯಿಸುತ್ತದೆ ಎಂದು 2015ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಆ ಪಟ್ಟಿಯಲ್ಲಿ, ಜಾನುವಾರು ಇರುವ ಬಾಧಿತ ಕುಟುಂಬಕ್ಕೆ ಕೊಟ್ಟಿಗೆ ಕಟ್ಟಿಕೊಳ್ಳಲು ಒಂದು ಸಲ ಕನಿಷ್ಠ 25,000 ರೂಪಾಯಿ ನೆರವು ಎಂದು ಬರೆದಿದೆ. ಬಾಧಿತ ಕುಟುಂಬ ಎಂದರೆ ಜಮೀನಿನ ಮಾಲೀಕರು ಮಾತ್ರ ಅಲ್ಲ. ಆ ಜಮೀನಿನಿಂದಲೇ ಮುಖ್ಯವಾಗಿ ಜೀವನ ಮಾಡುತ್ತಿದ್ದ ಕೂಲಿಯವರು, ಗೇಣಿಯವರೂ ಷರತ್ತಿಗೆ ಒಳಪಟ್ಟು ಅದರಲ್ಲಿ ಬರುತ್ತಾರೆ. ಹೊಲ ಎರಡು ತುಂಡಾದರೆ ಆ ತುಂಡಾದ ನಷ್ಟವನ್ನೂ ಪರಿಹಾರದಲ್ಲಿ ಪರಿಗಣಿಸಬೇಕು ಎಂದು ಹೆದ್ದಾರಿ ಕಾಯ್ದೆಯೇ ಹೇಳುತ್ತದೆ. ಕೊಟ್ಟಿಗೆ, ಕೊಳವೆಬಾವಿ, ನೀರಿನ ತೊಟ್ಟಿ, ಬೇವಿನ ಮರ ಎಲ್ಲವನ್ನೂ ಸರ್ವೆ ಹೊತ್ತಿನಲ್ಲಿ ಬರೆಸಿ, ಫೋಟೋ ತೆಗೆದಿಡಿ. ಬರೆಸದ್ದು ಇಲ್ಲದ್ದಕ್ಕೆ ಸಮ.

ನಾವೂ ಮಾಡಬೇಕಾದದ್ದು

ಸರ್ಕಾರದ ಕಡೆ ಬೊಟ್ಟು ಮಾಡಿದ ಮೇಲೆ ನಮ್ಮ ಕಡೆಯೂ ನೋಡಿಕೊಳ್ಳಬೇಕು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಹೆದ್ದಾರಿಗಳ ಮೇಲಿನ ಬೀಡಾಡಿ ದನಗಳನ್ನು ತೆರವು ಮಾಡಿ ಗೋಶಾಲೆಗಳಿಗೆ ಸೇರಿಸಬೇಕು ಎಂದು ಆದೇಶಿಸಿದೆ. ಬೀಡಾಡಿ ಎಂದರೆ ಯಾರದೂ ಅಲ್ಲದ ದನ ಎಂದುಕೊಳ್ಳಬೇಡಿ. ಬೆಳಿಗ್ಗೆ ಕರೆದು ಬಿಟ್ಟು, ಸಂಜೆ ತಾನಾಗಿ ಮನೆಗೆ ಬರುವ ಆಕಳೂ ರಸ್ತೆಯಲ್ಲಿ ನಿಂತಾಗ ಬೀಡಾಡಿಯೇ. ಹಾಲು ಬತ್ತಿದ ಮೇಲೆ ಬಿಟ್ಟ ಮುದಿ ಆಕಳು, ಬೇಡವಾದ ಗಂಡು ಕರು ಕೂಡ ಯಾರದೋ ಕೊಟ್ಟಿಗೆಯಿಂದ ಬಂದದ್ದೇ. ರಾತ್ರಿ ಅದಕ್ಕೆ ಗುದ್ದಿ ಸಾಯುವವನು ಬೈಕಿನಲ್ಲಿ ಬರುವ ನಮ್ಮ ನಿಮ್ಮ ಊರಿನ ಹುಡುಗ.

ರಾತ್ರಿ ದನ ಕಟ್ಟಿ ಹಾಕಿ. ರಸ್ತೆ ದಾಟಿಸುವಾಗ ಗುಂಪು ಒಡೆಯದಂತೆ ಮುಂದೊಬ್ಬರು ಹಿಂದೊಬ್ಬರು ಇರಲಿ. ಕೊರಳಿಗೆ ಅಥವಾ ಕೊಂಬಿಗೆ ಹೊಳೆಯುವ ಪಟ್ಟಿ ಕಟ್ಟಿ, ದೀಪದ ಬೆಳಕು ಬಿದ್ದರೆ ದೂರದಿಂದಲೇ ಕಾಣುತ್ತದೆ. ವಿಮೆ ಮಾಡಿಸಿ, ಕಿವಿಯೋಲೆ ಬಿದ್ದುಹೋದರೆ ಕೂಡಲೇ ಹೇಳಿ ಹೊಸದು ಹಾಕಿಸಿ. ಓಲೆ ಇಲ್ಲದ ದನಕ್ಕೆ ವಿಮೆ ಹಣ ಸಿಗುವುದು ಕಷ್ಟ.

ಅಪಘಾತ ಆಗಿಯೇ ಬಿಟ್ಟರೆ ದನವನ್ನು ಬಾಲ, ಹಗ್ಗ ಹಿಡಿದು ಎಳೆಯಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಎಳೆದಾಟದಲ್ಲಿ ಇನ್ನಷ್ಟು ಕೆಡುತ್ತದೆ. ನಾಲ್ಕು ಜನ ಸೇರಿ ಗಟ್ಟಿ ತಾಡಪತ್ರಿ ಅಥವಾ ಹಲಗೆಯ ಮೇಲೆ ಸರಿಸಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಕಟ್ಟಿ. ಪ್ರಜ್ಞೆ ಇಲ್ಲದ ದನದ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಪಶು ಆಂಬುಲೆನ್ಸಿಗೆ 1962, ಹೆದ್ದಾರಿ ಸಹಾಯಕ್ಕೆ 1033, ಪೊಲೀಸರಿಗೆ 112. ಗುದ್ದಿದ ವಾಹನದ ನಂಬರು ಬರೆದುಕೊಳ್ಳಿ. ದೂರು ದಾಖಲಾಗಿ, ದನ ಸತ್ತಿದ್ದರೆ ಮರಣೋತ್ತರ ಪರೀಕ್ಷೆಯ ವರದಿ ಇದ್ದರೆ, ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಆಸ್ತಿ ನಷ್ಟವೆಂದು ಪರಿಹಾರ ಕೇಳಲು ಅವಕಾಶವಿದೆ. ನಂಬರು ಗೊತ್ತಿಲ್ಲದಿದ್ದರೆ ಯಾರ ಮೇಲೆ ಕೇಳುವುದು?

ಒಕ್ಕೂಟಕ್ಕೂ ಒಂದು ಮಾತು

ಇದು ನಮ್ಮದೇ ಪತ್ರಿಕೆ, ಆದ್ದರಿಂದ ನಮ್ಮವರಿಗೂ ಹೇಳುತ್ತೇನೆ. ಹೆದ್ದಾರಿ ಊರನ್ನು ಎರಡು ಮಾಡಿದ ಕಡೆ ಆಚೆ ಬದಿಗೂ ಒಂದು ಹಾಲು ಸಂಗ್ರಹಣಾ ಕೇಂದ್ರ ಕೊಡುವ ಬಗ್ಗೆ ಒಕ್ಕೂಟ ಯೋಚಿಸಬೇಕು. ಖರ್ಚು ಆಗುತ್ತದೆ ನಿಜ. ರಸ್ತೆ ದಾಟಲು ಹೆದರಿ ಸದಸ್ಯೆ ಖಾಸಗಿಯವರಿಗೆ ಹಾಲು ಹಾಕತೊಡಗಿದರೂ ನಷ್ಟವೇ. ಹಾಲಿನ ವಾಹನ ಹೆದ್ದಾರಿ ಅಂಚಿಗೆ ನಿಂತು ಕ್ಯಾನು ಏರಿಸುವುದು ನಿಲ್ಲಬೇಕು, ಊರೊಳಗೆ ಅಥವಾ ಸರ್ವಿಸ್ ರಸ್ತೆಗೆ ಬರಬೇಕು. ಒಂದೊಂದು ಸಂಘ ಒಂದೊಂದು ಅರ್ಜಿ ಕೊಡುವುದಕ್ಕಿಂತ ಮೂರೂ ತಾಲ್ಲೂಕಿನ ಹೆದ್ದಾರಿ ಪಕ್ಕದ ಸಂಘಗಳ ಲೆಕ್ಕ ಸೇರಿಸಿ ಒಕ್ಕೂಟದ ಹೆಸರಿನಲ್ಲೇ ಕೊಟ್ಟರೆ ತೂಕ ಹೆಚ್ಚು.

ಮಸ್ಕಿಯ ಬಂಡೆಯ ಮೇಲಿನ ಶಾಸನ 1915ರಲ್ಲಿ ಬೆಳಕಿಗೆ ಬಂದ ಮೇಲೆಯೇ ಶಾಸನಗಳ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಖಚಿತವಾಯಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಅದೇ ಅರಸ ತನ್ನ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ದಾರಿಗಳಲ್ಲಿ ಇಬ್ಬರ ಉಪಯೋಗಕ್ಕೂ ಬಾವಿ ತೋಡಿಸಿ ಮರ ನೆಡಿಸಿದ್ದನ್ನು ಹೇಳಿಕೊಂಡಿದ್ದಾನೆ. ದಾರಿ ದನಕ್ಕೂ ಸೇರಿದ್ದು ಎಂಬುದು ಎರಡು ಸಾವಿರ ವರ್ಷಕ್ಕೂ ಹಿಂದಿನ ಅರಸನಿಗೆ ತಿಳಿದಿತ್ತು. ಇವತ್ತಿನ ಹೆದ್ದಾರಿ ಕಚೇರಿಗೆ ಅದನ್ನು ನೆನಪಿಸುವುದು ದೊಡ್ಡ ಬೇಡಿಕೆ ಏನಲ್ಲ.

ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಇಡಿ. ನಿಮ್ಮೂರಿನಲ್ಲಿ ದನ ದಾಟುವ ಜಾಗ ಯಾವುದು, ದಿನಕ್ಕೆ ಎಷ್ಟು ದಾಟುತ್ತವೆ, ಎಷ್ಟು ಹೊತ್ತಿಗೆ, ಇತ್ತೀಚೆಗೆ ಎಷ್ಟು ದನ ಗುದ್ದಿಸಿಕೊಂಡಿವೆ, ಈ ನಾಲ್ಕು ಸಾಲು ಬರೆಯಿರಿ. ಬರೆಯಲು ಬಾರದವರು ಹೇಳಿ, ಮಗಳ ಕೈಲಿ ಬರೆಸಿ. ನಿಮ್ಮ ಹತ್ತಿರದ ಪಶು ಆಸ್ಪತ್ರೆಗೂ ಒಂದು ಪ್ರತಿ ಕೊಡಿ. ಅಪಘಾತದ ದನಗಳ ಚಿಕಿತ್ಸೆಯ ದಾಖಲೆ ನಮ್ಮಲ್ಲೂ ಇರುತ್ತದೆ, ಎರಡನ್ನೂ ಜೋಡಿಸಿ ಕೊಡೋಣ.